ಖಾಲಿ ಹಾಳೆ ಕೊಟ್ಟ ಹುಡುಗಿ ಮತ್ತು ಕೃಪಾಚಾರ್ಯರ ಪ್ರಶ್ನೆ

ಪ್ರಶ್ನೆ: ಸರ್, ನಾನು ಪ್ರೌಢಶಾಲೆಯಲ್ಲಿ ನಾಟಕ ಕಲಿಸುತ್ತೇನೆ. 14–15 ವಯಸ್ಸಿನ 31 ಮಕ್ಕಳು, ವಾರಕ್ಕೆ ಎರಡು ಪೀರಿಯಡ್, ಒಟ್ಟು ಹತ್ತು ವಾರ. ಈ ಸಲ 'ನಾನು ಯಾರು, ನನ್ನ ಹಿರಿಯರು ಯಾರು' ಎಂಬ ವಿಷಯ ಹಿಡಿದು ಮಕ್ಕಳಿಂದಲೇ ಒಂದು ನಾಟಕ ಕಟ್ಟಿಸೋಣ ಅಂದುಕೊಂಡೆ. ಮೊದಲ ದಿನ ವಂಶವೃಕ್ಷ ಬರೆದು ತನ್ನಿ ಎಂದೆ. ಹೆಚ್ಚಿನವರು ಅಚ್ಚುಕಟ್ಟಾಗಿ ಬರೆದು ತಂದು ಭಾಷಣದ ಹಾಗೆ ಓದಿದರು. ಒಬ್ಬ ಹುಡುಗ ಮರದ ತುದಿಯಲ್ಲಿ ಡೈನೋಸಾರ್ ಬರೆದು ಎಲ್ಲರನ್ನೂ ನಗಿಸಿದ. ಒಬ್ಬಳು ಮಾತ್ರ ತನ್ನ ಹೆಸರು ಬಿಟ್ಟರೆ ಏನೂ ಇಲ್ಲದ ಖಾಲಿ ಹಾಳೆ ಕೊಟ್ಟಳು. ಕೇಳಿದ್ದಕ್ಕೆ 'ಮರೆತೆ ಮಿಸ್' ಅಂದಳು. ಮರೆತದ್ದಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಈ ವಿಷಯವನ್ನೇ ಕೈಬಿಡಲೇ? ಬಿಡಬಾರದು ಅಂದರೆ ಎಲ್ಲಿಂದ ಶುರು ಮಾಡಲಿ? ಕೊನೆಗೆ ಹೆತ್ತವರ ಮುಂದೆ ಏನು ತೋರಿಸಲಿ?

ಉತ್ತರ:

ಮೇಡಂ, ನಮಸ್ಕಾರ.

ವಿಷಯ ಬಿಡಬೇಡಿ, ವಂಶವೃಕ್ಷ ಬಿಡಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ 'ಮರೆತೆ ಮಿಸ್' ಎಂಬ ಮಾತು ಎರಡು ದಿನ ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಹಾಗಾಗಿ ಉತ್ತರ ಉದ್ದವಾಗಿದೆ, ಬಿಡುವಾದಾಗ ಓದಿ.

ವಂಶವೃಕ್ಷದ ಹಾಳೆ ನೋಡಲು ಚಿತ್ರದ ಹಾಗಿದ್ದರೂ ಅದರ ಸ್ವಭಾವ ಅರ್ಜಿ ನಮೂನೆಯದು. ಎಲ್ಲರಿಗೂ ಅಪ್ಪ ಅಮ್ಮ ಇದ್ದಾರೆ, ಅವರ ಹೆಸರು ಗೊತ್ತಿದೆ, ಗೊತ್ತಿದ್ದದ್ದನ್ನು ನಾಲ್ಕು ಜನರ ಮುಂದೆ ಹೇಳಲು ಅಡ್ಡಿಯಿಲ್ಲ ಎಂದು ಅದು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. 31 ಮಕ್ಕಳ ಗುಂಪೆಂದರೆ ಅದರಲ್ಲಿ ದತ್ತು ಬಂದ ಮಗು ಇರಬಹುದು. ಅಪ್ಪ ಮನೆ ಬಿಟ್ಟು ಹೋದ ಮಗು, ಯಾರ್ಯಾರದೋ ಮನೆಯಲ್ಲಿ ಬೆಳೆದ ಮಗು ಇರಬಹುದು. ಜಾತಿಯೋ ಧರ್ಮವೋ ವಲಸೆ ಬಂದ ಕಥೆಯೋ ಬಯಲಾಗದಿರಲಿ ಎಂದು ಮನೆಯಲ್ಲೇ ಹೇಳಿಸಿಕೊಂಡು ಬಂದ ಮಗುವೂ ಇರಬಹುದು. ಅವರೆಲ್ಲರ ಮುಂದೆ ಒಂದೇ ಅಳತೆಯ ಚೌಕಗಳನ್ನಿಟ್ಟು ತುಂಬಿಸಿ ಅಂದರೆ ಕೆಲವರು ಸುಳ್ಳು ಬರೆಯುತ್ತಾರೆ, ಕೆಲವರು ಮರೆತೆ ಅನ್ನುತ್ತಾರೆ. ನಾಟಕದ ಕಣ್ಣಿನಿಂದ ನೋಡಿದರೂ ಆ ಹಾಳೆ ನಿಷ್ಪ್ರಯೋಜಕ. ಪೂರ್ತಿ ತುಂಬಿದ ಮರದಲ್ಲಿ ಹೆಸರುಗಳಿವೆ, ಗೆರೆಗಳಿವೆ. ಯಾರಿಗೂ ಏನೂ ಬೇಕಾಗಿಲ್ಲ, ಯಾರೂ ಯಾರನ್ನೂ ತಡೆಯುತ್ತಿಲ್ಲ. ಆಡುವುದಕ್ಕೆ ಏನಿದೆ ಅಲ್ಲಿ? ನಿಮ್ಮ ಮಕ್ಕಳು ಭಾಷಣದ ಹಾಗೆ ಓದಿದ್ದು ಅವರ ತಪ್ಪಲ್ಲ. ಆ ಹಾಳೆಯಿಂದ ಭಾಷಣವೇ ಹುಟ್ಟುವುದು.

ಈಗ ಮಹಾಭಾರತದ ಒಂದು ದೃಶ್ಯ ನೆನಪು ಮಾಡಿಕೊಳ್ಳಿ. ರಾಜಕುಮಾರರ ಶಸ್ತ್ರಾಭ್ಯಾಸದ ಪ್ರದರ್ಶನ. ಅರ್ಜುನ ತನ್ನ ಕೈಚಳಕವನ್ನೆಲ್ಲ ತೋರಿಸಿ ಆಗಿದೆ, ಜನ ಹುಚ್ಚೆದ್ದಿದ್ದಾರೆ. ಆಗ ಕರ್ಣ ಬರುತ್ತಾನೆ. ಅರ್ಜುನ ಮಾಡಿದ್ದನ್ನೆಲ್ಲ ತಾನೂ ಮಾಡುತ್ತಾನೆ, ದ್ವಂದ್ವಕ್ಕೆ ಕರೆಯುತ್ತಾನೆ. ಕೃಪಾಚಾರ್ಯರು ಎದ್ದು, ಇವನು ಕುಂತಿಯ ಮಗ, ಕುರುವಂಶದವನು, ನೀನೂ ನಿನ್ನ ತಾಯಿ ತಂದೆ ಕುಲ ಯಾವುದು ಹೇಳು ಎನ್ನುತ್ತಾರೆ. ಅಲ್ಲಿಯವರೆಗೆ ಬಿಲ್ಲು ಮಾತಾಡಿತ್ತು. ಈಗ ಬಾಯಿ ಮಾತಾಡಬೇಕು, ಬಾಯಲ್ಲಿ ಮಾತಿಲ್ಲ. ಕರ್ಣನ ಮುಖ ಬಾಗುತ್ತದೆ. ಪ್ರೇಕ್ಷಕರ ನಡುವೆ ಒಬ್ಬ ಹೆಂಗಸಿಗೆ ಮಾತ್ರ ಉತ್ತರ ಗೊತ್ತು. ಅವಳ ಹೆಸರನ್ನೇ ಈಗಷ್ಟೇ ಅರ್ಜುನನ ತಾಯಿ ಎಂದು ಕೂಗಿ ಹೇಳಿದ್ದಾರೆ, ಅವಳು ಆಗಲೇ ಒಮ್ಮೆ ಮೂರ್ಛೆ ಹೋಗಿ ಎಚ್ಚೆತ್ತಿದ್ದಾಳೆ.

ಮೇಡಂ, ನೀವು ಗೊತ್ತಿಲ್ಲದೆ ಕೃಪಾಚಾರ್ಯರಾದಿರಿ. ಬೈಯಲು ಹೇಳುತ್ತಿಲ್ಲ. ನಾನೂ ವರ್ಷಗಟ್ಟಲೆ ಆ ಪಾತ್ರ ಮಾಡಿದ್ದೇನೆ, ಅದೂ ನಿಮಗಿಂತ ಕೆಟ್ಟದಾಗಿ. ಅದನ್ನು ಮುಂದೆ ಹೇಳುತ್ತೇನೆ. ಆದರೆ ನೋಡಿ, ನಿಮ್ಮ ತರಗತಿಯಲ್ಲಿ ನಾಟಕ ಶುರುವಾಗಿದ್ದು ಮೂವತ್ತು ತುಂಬಿದ ಹಾಳೆಗಳಲ್ಲಿ ಅಲ್ಲ, ಆ ಒಂದು ಖಾಲಿ ಹಾಳೆಯಲ್ಲಿ. ಹಿರಿಯರ ವಿಷಯ ಹಿಡಿದು ಬಂದ ದೊಡ್ಡ ನಾಟಕಗಳೆಲ್ಲ ಗೊತ್ತಿಲ್ಲದ ಜಾಗದಲ್ಲೇ ನಿಂತಿವೆ. ಗ್ರೀಕ್ ನಾಟಕಕಾರ ಸಾಫೊಕ್ಲಿಸ್‌ನ ಈಡಿಪಸ್ ಒಬ್ಬ ಕೊಲೆಗಾರನನ್ನು ಹುಡುಕಲು ಹೊರಟು ತನ್ನ ಹುಟ್ಟನ್ನು ಹುಡುಕಿಕೊಳ್ಳುತ್ತಾನೆ. ಎರಡು ಸಾವಿರದ ನಾನೂರು ವರ್ಷದ ಹಿಂದೆ ಅದನ್ನು ನೋಡಲು ಕೂತ ಜನಕ್ಕೆ ಉತ್ತರ ಮೊದಲೇ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ನಾನು ಈ ವಿಷಯ ಕಲಿಸುವವರಿಗೆ ಹೇಳುವುದು ಒಂದೇ: ಮಕ್ಕಳ ಮನೆಯ ಉತ್ತರಗಳನ್ನು ರಂಗಕ್ಕೆ ತರಬೇಡಿ, ಆ ಪ್ರಶ್ನೆಯನ್ನು ತನ್ನಿ.

ಮೊದಲ ವಾರಕ್ಕೆ ಕರ್ಣನ ದೃಶ್ಯವೇ ಸಾಕು. ಪೂರ್ತಿ ಆಡಿಸಬೇಡಿ. ಒಬ್ಬ ಕೃಪ, ಒಬ್ಬ ಕರ್ಣ, ದೂರದ ಕುರ್ಚಿಯಲ್ಲಿ ಕುಂತಿ, ಉಳಿದ 28 ಜನ ಪ್ರೇಕ್ಷಕರು. ಇಡೀ ದೃಶ್ಯಕ್ಕೆ ಒಂದೇ ಡೈಲಾಗ್: 'ನೀನು ಯಾರ ಮಗ?' ಆಮೇಲೆ ಹತ್ತು ಸೆಕೆಂಡ್ ಮೌನ. ನೀವು ಬೆರಳಲ್ಲಿ ಎಣಿಸಿ, ಮಧ್ಯೆ ಯಾರೂ ಮಾತಾಡಕೂಡದು. ಹದಿಹರೆಯದವರಿಗೆ ರಂಗದ ಮೇಲೆ ಹತ್ತು ಸೆಕೆಂಡ್ ಅಂದರೆ ಒಂದು ಯುಗ. ಮೊದಲ ಸಲ ಕಿಸಕ್ಕನೆ ನಗುತ್ತಾರೆ, ನಗಲಿ. ಎರಡನೇ ಸಲ ಕರ್ಣನ ಕತ್ತು ಯಾವ ಸೆಕೆಂಡಿನಲ್ಲಿ ಬಾಗುತ್ತದೆ ಎಂದು ನೋಡಲು ಹೇಳಿ. ಮೂರನೇ ಸಲ ಎಲ್ಲರೂ ಹಾಗೇ ಸ್ತಬ್ಧಚಿತ್ರವಾಗಿ ನಿಲ್ಲಲಿ. ನೀವು ಒಬ್ಬೊಬ್ಬರ ಭುಜ ಮುಟ್ಟಿದಾಗ ಆ ಪಾತ್ರದ ಮನಸ್ಸಿನ ಮಾತು ಒಂದು ವಾಕ್ಯದಲ್ಲಿ ಹೊರಬರಲಿ. ಒಂದು ಶಿಬಿರದಲ್ಲಿ ಕುಂತಿಯಾಗಿ ಕೂತಿದ್ದ ಹುಡುಗಿ ಆ ಹತ್ತು ಸೆಕೆಂಡಿನಲ್ಲಿ ಏನೂ 'ನಟಿಸಲಿಲ್ಲ'. ಅಂಗಿಯ ಅಂಚನ್ನು ತೋರುಬೆರಳಿಗೆ ಸುತ್ತುತ್ತಾ ಹೋದಳು, ಬೆರಳ ತುದಿ ಬೆಳ್ಳಗಾಗುವವರೆಗೆ. ಭುಜ ಮುಟ್ಟಿದಾಗ 'ಅವನು ನನ್ನ ಕಡೆ ನೋಡದಿರಲಿ' ಅಂದಳು. ಸ್ಕ್ರಿಪ್ಟ್ ಬರೆಯಲು ಕೂತಿದ್ದರೆ ನನಗೆ ಆ ಮಾತು ಹೊಳೆಯುತ್ತಿರಲಿಲ್ಲ.

ನಂತರ ಅದೇ ಪ್ರಶ್ನೆಯನ್ನು ಬೇರೆ ಬಾಯಿಗಳಿಗೆ ಕೊಡಿ. ಹೊಸ ಶಾಲೆಯ ಮೊದಲ ದಿನ ಪಕ್ಕದಲ್ಲಿ ಕೂತವಳು ಕೇಳುವ 'ನೀನು ಯಾರ ಮಗಳು?' ಗಡಿ ದಾಟುವಾಗ ಪಾಸ್‌ಪೋರ್ಟ್ ತಿರುವುತ್ತಾ ಅಧಿಕಾರಿ ಕೇಳುವುದು. ಕಣ್ಣು ಮಂಜಾದ ಅಜ್ಜಿ ಕೈ ಹಿಡಿದು ಕೇಳುವುದು. ಜಗಳ ಮಾಡಲು ಬಂದ ಪಕ್ಕದ ಮನೆಯವನು ಕೇಳುವುದು. ಪದ ಒಂದೇ, ಕೇಳುವವನ ನಿಲುವು, ದೂರ, ದನಿ ಬದಲಾದಂತೆ ಕೇಳಿಸಿಕೊಂಡವನು ಇದ್ದಕ್ಕಿದ್ದಂತೆ ಚಿಕ್ಕವನಾಗುತ್ತಾನೆ ಅಥವಾ ಎದೆಯುಬ್ಬಿಸುತ್ತಾನೆ. ಗುರುತು ಎಂಬುದು ಒಳಗೆ ಎಷ್ಟಿದೆಯೋ ಕೇಳುವವನ ಕಣ್ಣಲ್ಲೂ ಅಷ್ಟೇ ಇದೆ ಎಂದು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇಲ್ಲೊಂದು ಮಾತು, ಪಾಠಕ್ಕಲ್ಲ, ನಿಮಗೆ. ಈ ವಯಸ್ಸಿನ ಮಕ್ಕಳ ಬಗ್ಗೆ ಮಾತಾಡುವಾಗ ಎಲ್ಲರೂ ಬಳಸುವ 'ಐಡೆಂಟಿಟಿ ಕ್ರೈಸಿಸ್' ಎಂಬ ಮಾತನ್ನು ಚಾಲ್ತಿಗೆ ತಂದ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್. ಹದಿಹರೆಯದ ಮುಖ್ಯ ಕೆಲಸವೇ ತಾನು ಯಾರೆಂದು ಕಂಡುಕೊಳ್ಳುವುದು ಎಂದವನು. 1902ರಲ್ಲಿ ಹುಟ್ಟಿದ ಅವನಿಗೆ ತನ್ನ ಹೆತ್ತ ತಂದೆ ಯಾರೆಂದು ಸಾಯುವವರೆಗೂ ತಿಳಿಯಲಿಲ್ಲ. ಮಲತಂದೆಯ ಹೆಸರಲ್ಲಿ ಬೆಳೆದು, ಅಮೆರಿಕದ ಪ್ರಜೆಯಾದಾಗ ಎರಿಕ್ಸನ್ ಎಂಬ ಹೊಸ ಕುಲನಾಮ ಇಟ್ಟುಕೊಂಡ. ಅಂದರೆ ಎರಿಕ್‌ನ ಮಗ. ತನಗೆ ತಾನೇ ಅಪ್ಪನಾದ ಹಾಗೆ. ಅವನ ಕೈಗೂ ಯಾರಾದರೂ ಮೇಷ್ಟ್ರು ವಂಶವೃಕ್ಷದ ಹಾಳೆ ಕೊಟ್ಟಿದ್ದರೆ ಏನು ಬರೆಯುತ್ತಿದ್ದನೋ.

ಇನ್ನು ನನ್ನ ಕಥೆ. ರಂಗತರಬೇತಿ ಮುಗಿಸಿ ಬಂದ ಹೊಸತು, ರಷ್ಯದ ರಂಗನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ ಭಾವಸ್ಮರಣೆ ತಲೆಗೇರಿತ್ತು. ನಟ ತನ್ನ ಬದುಕಿನ ಒಂದು ನೋವನ್ನು ನೆನೆದು ಅದರ ಬಿಸಿಯನ್ನು ಪಾತ್ರಕ್ಕೆ ತರುವ ವಿಧಾನ. ಒಂದು ಶಾಲೆಯಲ್ಲಿ ಹದಿನೈದು ವರ್ಷದ ಹುಡುಗನನ್ನು ಎಲ್ಲರ ಮಧ್ಯೆ ಕೂರಿಸಿ, ಕಣ್ಣು ಮುಚ್ಚಿಸಿ, ನಿನ್ನ ಅಜ್ಜನ ಕೋಣೆಗೆ ಹೋಗು, ಏನು ವಾಸನೆ ಬರುತ್ತದೆ, ಮಂಚದ ಮೇಲೆ ಯಾರಿದ್ದಾರೆ ಎಂದು ಕೇಳುತ್ತಾ ಹೋದೆ. ಮೂರು ನಿಮಿಷದಲ್ಲಿ ಹುಡುಗ ನಡುಗಲು ಶುರು ಮಾಡಿದ. ನನಗೆ ಒಳಗೊಳಗೇ ಖುಷಿ, ಎಂಥ ಅಭಿನಯ ಬರುತ್ತಿದೆ ಅಂತ! ಅಷ್ಟರಲ್ಲಿ ಬೆಲ್ ಆಯಿತು, ಮುಂದಿನ ಪೀರಿಯಡ್ ಗಣಿತ. ಅವನು ಮುಖ ಒರೆಸಿಕೊಂಡು ಎದ್ದು ಹೋದ. ಆಮೇಲೆ ಮೂರು ದಿನ ಶಾಲೆಗೇ ಬರಲಿಲ್ಲ. ಅಜ್ಜ ತೀರಿಹೋಗಿ ಎರಡು ತಿಂಗಳೂ ಆಗಿರಲಿಲ್ಲವಂತೆ, ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಕೊನೆಕೊನೆಗೆ ಸ್ಟಾನಿಸ್ಲಾವ್‌ಸ್ಕಿಯೇ ಆ ದಾರಿಗಿಂತ ದೈಹಿಕ ಕ್ರಿಯೆಗಳ ದಾರಿಯನ್ನು ಹೆಚ್ಚು ನೆಚ್ಚಿಕೊಂಡಿದ್ದ ಎಂದು ಓದಿಕೊಂಡದ್ದು ಎಷ್ಟೋ ವರ್ಷದ ಮೇಲೆ. ಭಾವನೆಯನ್ನು ನೇರ ಕೆದಕಬೇಡ, ಕೈಗೆ ಕೆಲಸ ಕೊಡು, ಭಾವನೆ ತಾನಾಗಿ ಹಿಂದೆ ಬರುತ್ತದೆ. ಮಕ್ಕಳ ಜತೆ ಕೆಲಸ ಮಾಡುವಾಗ ಇದು ಬರೀ ಶೈಲಿಯ ಪ್ರಶ್ನೆಯಲ್ಲ.

ಆದ್ದರಿಂದ ಎರಡನೇ ವಾರ ದೇಹದಿಂದ ಶುರು ಮಾಡಿ. ಇಡೀ ಹತ್ತು ವಾರದಲ್ಲಿ ನನಗೆ ತುಂಬಾ ಇಷ್ಟವಾದ ಅಭ್ಯಾಸ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಕ್ಕಳಿಗೆ ಹೇಳಿ: ನಿಮಗಿಂತ ದೊಡ್ಡವರಾದ, ನೀವು ದಿನವೂ ನೋಡುವ ಒಬ್ಬರನ್ನು ನಾಲ್ಕು ದಿನ ಗಮನಿಸಿ. ಮನೆಯವರೇ ಆಗಬೇಕಿಲ್ಲ. ಅವರ ಮೈಯಲ್ಲಿರುವ ಒಂದೇ ಒಂದು ರೂಢಿ ಹಿಡಿದು ತನ್ನಿ. ಬೀಗದ ಕೈ ಹುಡುಕುವಾಗ ಯಾವ ಜೇಬು ಮೊದಲು ತಡವುತ್ತಾರೆ, ಫೋನ್ ಓದಲು ಎಷ್ಟು ದೂರ ಹಿಡಿಯುತ್ತಾರೆ, ಮಾತಿಗೆ ಮುಂಚೆ ಗಂಟಲು ಹೇಗೆ ಸರಿಮಾಡುತ್ತಾರೆ, ಕೂತವರು ಏಳುವಾಗ ಯಾವ ಮೊಣಕಾಲಿಗೆ ಕೈ ಊರುತ್ತಾರೆ. ಯಾರದು ಎಂದು ಹೇಳಬೇಕಾಗಿಲ್ಲ, ಮಾಡಿ ತೋರಿಸಿದರೆ ಸಾಕು. ಒಂದೇ ಷರತ್ತು: ಆ ವ್ಯಕ್ತಿ ಬಾಗಿಲಲ್ಲಿ ನಿಂತು ನೋಡಿದರೂ ಬೇಜಾರಾಗದ ಹಾಗೆ ಮಾಡಬೇಕು. ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸುವ ಆಸೆ ಈ ಒಂದು ಮಾತಿಗೆ ಅರ್ಧ ಇಳಿಯುತ್ತದೆ.

ತರಗತಿಯಲ್ಲಿ ಆ ರೂಢಿಯನ್ನು ಮೂರು ಸಲ ಮಾಡಿಸಿ. ಕಂಡ ಹಾಗೆ ಒಮ್ಮೆ. ಆ ವ್ಯಕ್ತಿ ಹದಿನೈದು ವರ್ಷದವರಾಗಿದ್ದಾಗ ಹೇಗೆ ಮಾಡುತ್ತಿದ್ದಿರಬಹುದು ಎಂದು ಒಮ್ಮೆ. ಅದೇ ರೂಢಿ ನಿಮ್ಮ ಮೈಗೆ ಬಂದಿದೆ, ನಿಮಗೀಗ ಎಪ್ಪತ್ತು ವರ್ಷ ಎಂದು ಒಮ್ಮೆ. ಮೂರನೆಯದಕ್ಕೆ ಬರುವಾಗ ತರಗತಿ ತಾನಾಗಿ ಸದ್ದಿಲ್ಲದಂತಾಗುತ್ತದೆ.

ಒಬ್ಬ ಹುಡುಗ ಕಿವಿಯ ಹಾಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕುವುದನ್ನು ತಂದಿದ್ದ. ಹಾಸ್ಟೆಲಿನ ರಾತ್ರಿ ಕಾವಲುಗಾರರದು, ಅವರು ಲೆಕ್ಕ ಮಾಡುವಾಗ ಹಾಗೆ ಮಾಡುತ್ತಾರೆ ಎಂದು ಅವನಾಗಿಯೇ ಹೇಳಿದ. 'ನಿನಗೂ ಆ ರೂಢಿ ಇದೆಯಾ?' ಅಂದೆ. 'ಇಲ್ಲ ಸರ್, ನಂಗೆ ಹೇಗೆ ಬರುತ್ತೆ, ಅವರು ನನ್ನ ಸಂಬಂಧಿಕರಲ್ಲ' ಅಂದ. ಅನ್ನುವಾಗ ಅವನ ಬಲಗೈ ಕಿವಿಯ ಮೇಲೇ ಇತ್ತು. ಎಲ್ಲರೂ ಒಟ್ಟಿಗೇ ಕೂಗಿದರು. ಅವನು ಕೈಯನ್ನು ಅರ್ಧಕ್ಕೆ ನಿಲ್ಲಿಸಿ, ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾ ನಿಂತ.

ನಿಮ್ಮ ಖಾಲಿ ಹಾಳೆಗೆ ನನಗೆ ಗೊತ್ತಿರುವ ಉತ್ತರ ಇದೇ ಮೇಡಂ. ಕಣ್ಣಿನ ಬಣ್ಣ ರಕ್ತದಲ್ಲಿ ಬರುತ್ತದೆ, ನಿಜ. ಕೈ ಆಡಿಸುವ ರೀತಿ, ನಗುವ ಮುಂಚೆ ತಲೆ ತಗ್ಗಿಸುವ ರೀತಿ ಬರುವುದು ಹೆಚ್ಚಾಗಿ ಜತೆಯಲ್ಲಿ ಬಾಳಿದವರಿಂದ. ನಾಟಕಕ್ಕೆ ಬೇಕಾಗಿರುವುದು ಎರಡನೆಯದು. ಅದರಲ್ಲಿ ಬರಿಗೈಯಲ್ಲಿ ಬರುವ ಮಗು ಒಂದೂ ಇರುವುದಿಲ್ಲ.

ಮೂರನೇ ವಾರಕ್ಕೆ ನಿಮಗೊಂದು ಅದೃಷ್ಟವಿದೆ: ನಿಮ್ಮ ತರಗತಿಯಲ್ಲಿ 31 ಮಕ್ಕಳು. ಒಬ್ಬರು ಮುಂದೆ, ಅವರ ಹಿಂದೆ 2, ಅದರ ಹಿಂದೆ 4, ಆಮೇಲೆ 8, ಆಮೇಲೆ 16. ಕೂಡಿಸಿದರೆ ಸರಿಯಾಗಿ 31. ನಾನು, ಅಪ್ಪ ಅಮ್ಮ, ಅಜ್ಜ ಅಜ್ಜಿಯರು, ಮುತ್ತಜ್ಜ ಮುತ್ತಜ್ಜಿಯರು, ಅವರ ಅಪ್ಪ ಅಮ್ಮಂದಿರು. ಬಯಲಲ್ಲೋ ದೊಡ್ಡ ಹಾಲ್‌ನಲ್ಲೋ ಹೀಗೆ ನಿಲ್ಲಿಸಿ. ಮುಂದೆ ನಿಂತವನು ಹಿಂದೆ ತಿರುಗಬಾರದು. ಬೆನ್ನ ಹಿಂದೆ ಮೂವತ್ತು ಜನರ ಉಸಿರು ಕೇಳಿಸಿಕೊಳ್ಳಬೇಕು ಅಷ್ಟೆ. ಇನ್ನೊಂದು ಸಾಲು ಬೇಕೆಂದರೆ 32 ಜನ ಬೇಕು, ಪಕ್ಕದ ಕ್ಲಾಸನ್ನೇ ಕರೆಯಬೇಕಾಗುತ್ತದೆ. ಹತ್ತು ತಲೆಮಾರು ಹಿಂದಿನ ಸಾಲಿನಲ್ಲಿ 1,024 ಜನ. ಲೆಕ್ಕ ಇಷ್ಟವಿರುವ ಮಕ್ಕಳಿಗೆ ಮೂವತ್ತನೇ ತಲೆಮಾರು ಲೆಕ್ಕ ಹಾಕಲು ಹೇಳಿ: 107 ಕೋಟಿ ದಾಟುತ್ತದೆ. ಏಳೆಂಟು ನೂರು ವರ್ಷದ ಹಿಂದೆ ಇಡೀ ಭೂಮಿಯಲ್ಲೇ ಅಷ್ಟು ಜನ ಇರಲಿಲ್ಲ. ಅಂದರೆ ಒಬ್ಬನೇ ಮನುಷ್ಯ ಆ ಮರದಲ್ಲಿ ಎಷ್ಟೋ ಜಾಗದಲ್ಲಿ ನಿಂತಿರಲೇಬೇಕು, ನಿನ್ನ ಮರದಲ್ಲಿರುವವನು ನನ್ನ ಮರದಲ್ಲೂ ಇರಬೇಕು. 'ನಮ್ಮ ಮನೆತನ ಶುದ್ಧ' ಎಂದು ಮನೆಯಲ್ಲಿ ಕೇಳಿಸಿಕೊಂಡು ಬಂದ ಹುಡುಗನ ಮುಖ ಈ ಲೆಕ್ಕ ಬಿಡಿಸಿದಾಗ ಹೇಗಾಗುತ್ತದೆ ನೋಡಿ. ನೀವು ಏನೂ ಟೀಕೆ ಮಾಡಬೇಡಿ, ಲೆಕ್ಕವೇ ಮಾತಾಡಲಿ.

ಈಗ ಆಟ. ಕೊನೆಯ ಸಾಲಿನ 16 ಜನರೂ ತಲಾ ಒಂದು ವಾಕ್ಯ ಕಟ್ಟಿಕೊಳ್ಳಲಿ, ಮುಂದಿನವರಿಗೆ ಬಿಟ್ಟುಹೋಗುವ ಮಾತು. ಇಬ್ಬಿಬ್ಬರು ತಮ್ಮ ಮುಂದಿರುವ ಒಬ್ಬರ ಎರಡು ಕಿವಿಗಳಲ್ಲಿ ಒಟ್ಟಿಗೇ ಪಿಸುಗುಡಬೇಕು. ಕೇಳಿಸಿಕೊಂಡವರು ಆ ಎರಡರಿಂದ ಅಷ್ಟೇ ಉದ್ದದ ಒಂದು ವಾಕ್ಯ ಮಾಡಿ ಮುಂದಕ್ಕೆ ದಾಟಿಸಬೇಕು. ಹದಿನಾರು ಎಂಟಾಗಿ, ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ ಕೊನೆಗೆ ಒಬ್ಬನ ಬಾಯಿಂದ ಹೊರಬರುತ್ತದೆ. ಒಮ್ಮೆ ಹಿಂದಿನ ಸಾಲಿನಿಂದ 'ಬಾಗಿಲು ಹಾಕಬೇಡ, ಅವನು ಬರುತ್ತಾನೆ' ಎಂಬ ಮಾತೂ 'ಹಿಂದೆ ನೋಡದೆ ಓಡು' ಎಂಬ ಮಾತೂ ಒಂದೇ ಹುಡುಗಿಯ ಕಿವಿಗೆ ಬಿದ್ದವು. ಅವಳು ದಾಟಿಸಿದ್ದು 'ಬಾಗಿಲು ಹಾಕದೆ ಓಡು'. ಆ ಮೂರು ಶಬ್ದದ ಮೇಲೆ ಆ ತಂಡ ಆಮೇಲೆ ಇಪ್ಪತ್ತು ನಿಮಿಷದ ನಾಟಕ ಕಟ್ಟಿತು.

ಎರಡನೇ ಸುತ್ತಿನಲ್ಲಿ ಚೀಟಿ ಎತ್ತಿ ಮೂವರನ್ನು ಸಾಲಿನಿಂದ ಹೊರಗೆ ಕಳಿಸಿ. ಚೀಟಿಯೇ ಆಗಬೇಕು, ನಿಮ್ಮ ಬೆರಳು ಯಾರನ್ನೂ ತೋರಿಸಕೂಡದು. ಅವರು ನಿಂತ ಜಾಗ ಹಾಗೇ ಖಾಲಿ ಇರಲಿ. ಅವರ ಮುಂದೆ ನಿಂತವರ ಒಂದು ಕಿವಿಗೆ ಏನೂ ಬರುವುದಿಲ್ಲ. ಈಗ ಏನು ಮಾಡುತ್ತೀರಿ ಎಂದು ಕೇಳಿ ಸುಮ್ಮನಿರಿ. ಕೆಲವರು ಬಂದ ಒಂದೇ ಮಾತನ್ನು ದಾಟಿಸುತ್ತಾರೆ. ಕೆಲವರು ಖಾಲಿ ಕಡೆಯ ಮಾತನ್ನು ತಾವೇ ಊಹಿಸುತ್ತಾರೆ. ಬಹುತೇಕ ಪ್ರತಿ ಸಲವೂ ಯಾರಾದರೂ ಒಬ್ಬರು ತಮ್ಮ ಜಾಗ ಬಿಟ್ಟು ಬಂದು ಆ ಖಾಲಿ ಜಾಗದಲ್ಲಿ ನಿಂತು ಪಿಸುಗುಟ್ಟಿಯೇ ಹೋಗುತ್ತಾರೆ. ನಿಯಮದಲ್ಲಿ ಅದಿಲ್ಲ. ತಡೆಯಬೇಡಿ.

ನಾಲ್ಕನೇ ವಾರದಿಂದ ಕಥೆ ಬೇಕು. ಇಲ್ಲಿ ನನಗೆ ದಾರಿ ತೋರಿಸಿದವರು ಡೊರೊತಿ ಹೀತ್‌ಕೋಟ್. 14ನೇ ವಯಸ್ಸಿಗೆ ಶಾಲೆ ಬಿಟ್ಟು ಬಟ್ಟೆ ಗಿರಣಿಯಲ್ಲಿ ನೇಯುವ ಕೆಲಸಕ್ಕೆ ಸೇರಿ, ಮುಂದೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ದಶಕಗಟ್ಟಲೆ ಶಿಕ್ಷಕರಿಗೇ ಪಾಠ ಹೇಳಿದ ಹೆಂಗಸು. ಅವರ ಎರಡು ಉಪಾಯಗಳು ನಿಮಗೆ ಬೇಕು. ಒಂದು, ಮೇಷ್ಟ್ರು ಹೊರಗೆ ನಿಂತು ಸೂಚನೆ ಕೊಡುವ ಬದಲು ತಾನೂ ಒಂದು ಪಾತ್ರವಾಗಿ ಒಳಗೆ ಬರುವುದು. ಇನ್ನೊಂದು, ಮಕ್ಕಳಿಗೆ ತಜ್ಞರ ಹೊದಿಕೆ ಹೊದಿಸುವುದು.

ನೀವು ಒಂದು ಹಳೆಯ ಪೆಟ್ಟಿಗೆ ಹೊತ್ತು ವಕೀಲರ ಗುಮಾಸ್ತೆಯಾಗಿ ಒಳಗೆ ಬನ್ನಿ. ಬಾಗಿಲಲ್ಲೇ ನಿಂತು, 'ದಾಖಲೆ ಕಚೇರಿ ಇದೇ ಅಲ್ಲವೇ? ಒಂದು ಹಳೇ ಮನೆ ಖಾಲಿ ಮಾಡಿಸಿದೆವು. ವಾರಸುದಾರರು ಯಾರೂ ಸಿಗುತ್ತಿಲ್ಲ. ಇದರಲ್ಲಿ ಉಳಿಸಬೇಕಾದ್ದು ಏನಾದರೂ ಇದೆಯಾ ನೋಡಿ ಹೇಳಬೇಕಂತೆ' ಅನ್ನಿ. ಮಕ್ಕಳು ಆ ಕ್ಷಣದಿಂದ ದಾಖಲೆ ತಜ್ಞರು. ಪೆಟ್ಟಿಗೆಯಲ್ಲಿ ಐದಾರು ವಸ್ತು ಸಾಕು: ಯಾವ ಬೀಗಕ್ಕೂ ಹೊಂದದ ಬೀಗದ ಕೈ, ಮಗುವಿನ ಒಂಟಿ ಚಪ್ಪಲಿ, ಕೊನೆಯ ಪುಟ ಹರಿದ ಕಾಗದ, ಒಬ್ಬರ ಚಿತ್ರವನ್ನು ಕತ್ತರಿಸಿ ತೆಗೆದ ಕುಟುಂಬದ ಫೋಟೋ. ಈ ಕುಟುಂಬ ತರಗತಿಯಲ್ಲಿ ಯಾರದೂ ಅಲ್ಲ, ಹಾಗಾಗಿ ಎಲ್ಲರದೂ ಆಗುತ್ತದೆ. ನನ್ನ ಅನುಭವದಲ್ಲಿ ಮಕ್ಕಳು ತಮ್ಮ ಮನೆಯ ನಿಜವನ್ನು ಈ ಸುಳ್ಳು ಮನೆಯೊಳಗೆ ತಂದಿಡುವಷ್ಟು ಧೈರ್ಯವಾಗಿ ಬೇರೆಲ್ಲೂ ಇಡುವುದಿಲ್ಲ. ಯಾವುದು ಯಾರ ನಿಜ ಎಂದು ನೀವು ಹುಡುಕಲು ಹೋಗಬೇಡಿ, ಊಹೆ ಮಾಡಿದರೂ ಬಾಯಿ ಬಿಡಬೇಡಿ.

ಆ ಕತ್ತರಿಸಿದ ಫೋಟೋ ಮಾತ್ರ ಎರಡು ಪೀರಿಯಡ್ ತೆಗೆದುಕೊಂಡರೂ ತೆಗೆದುಕೊಳ್ಳಲಿ. ಆರು ಮಕ್ಕಳು ಆ ಫೋಟೋ ಆಗಿ ನಿಲ್ಲುತ್ತಾರೆ, ಮಧ್ಯೆ ಒಬ್ಬರ ಅಗಲದ ಖಾಲಿ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ಬೊಂಬೆಗಳ ಹಾಗೆ ಮೈಗಳನ್ನು ತಿದ್ದಿ ನಿಲ್ಲಿಸಿ ಮಾತಿಲ್ಲದೆ ಯೋಚಿಸುವ ವಿಧಾನವನ್ನು ಬೆಳೆಸಿದ; ಅದನ್ನೇ ಬಳಸಿ. ಕತ್ತರಿ ಹಾಕುವ ಹತ್ತು ನಿಮಿಷ ಮುಂಚಿನ ಚಿತ್ರ, ಕತ್ತರಿ ಹಿಡಿದ ಕೈ ಯಾರದು ಎಂಬ ಚಿತ್ರ, ಇಪ್ಪತ್ತು ವರ್ಷದ ಮೇಲೆ ಆ ಫೋಟೋ ನೋಡಿ 'ಇಲ್ಲಿ ಯಾರಿದ್ದರು?' ಎಂದು ಕೇಳುವ ಮಗುವಿನ ಚಿತ್ರ. ದೃಶ್ಯ ತೀರಾ ಬಿಸಿಯಾಯಿತು, ಯಾರಿಗೋ ಗಂಟಲು ಕಟ್ಟುತ್ತಿದೆ ಅನಿಸಿದರೆ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ತಾಲೀಮಿನ ಒಂದು ಉಪಾಯ ಕೈಯಲ್ಲಿರಲಿ: ನಟರು 'ನಾನು' ಬಿಟ್ಟು 'ಅವಳು' ಎಂದು, ಭೂತಕಾಲದಲ್ಲಿ ಹೇಳಬೇಕು. 'ಅವಳು ಕತ್ತರಿ ಕೆಳಗಿಟ್ಟಳು. ಮಗನ ಕಡೆ ನೋಡಲಿಲ್ಲ.' ತಕ್ಷಣ ಪಾತ್ರಕ್ಕೂ ಮಗುವಿಗೂ ನಡುವೆ ಒಂದು ಗೇಣು ಗಾಳಿ ಆಡುತ್ತದೆ. ಕೆಲವೊಮ್ಮೆ ದೃಶ್ಯವೂ ಮೊದಲಿಗಿಂತ ಚೆನ್ನಾಗಿ ಬರುತ್ತದೆ.

ನಿಮ್ಮ ಡೈನೋಸಾರ್ ಹುಡುಗನನ್ನು ನಾನು ಮರೆತಿಲ್ಲ. ಅವನು ಬೇಕು ನಿಮಗೆ. ಡೈನೋಸಾರ್ ಹಕ್ಕಿಗಳ ಪೂರ್ವಜ, ನಮ್ಮದಲ್ಲ. ಅದನ್ನು ವಿಜ್ಞಾನದ ಮೇಷ್ಟ್ರು ನೋಡಿಕೊಳ್ಳಲಿ. ಆದರೆ ವಂಶದ ಬಗ್ಗೆ ಕೊಚ್ಚಿಕೊಳ್ಳುವುದು ಎಷ್ಟು ಹಾಸ್ಯಾಸ್ಪದ ಎಂದು ಆ ತರಗತಿಯಲ್ಲಿ ಮೊದಲು ಕಂಡವನು ಅವನೇ. 'ಸುಳ್ಳು ಪೂರ್ವಜರ ಸಭೆ' ಎಂದು ಒಂದು ಪೀರಿಯಡ್ ಅವನಿಗೆ ಬಿಟ್ಟುಕೊಡಿ: ಪ್ರತಿಯೊಬ್ಬರೂ ಎದ್ದು ಇಲ್ಲದ ಪೂರ್ವಜರ ಬಗ್ಗೆ ಮುಖದಲ್ಲಿ ನಗುವಿಲ್ಲದೆ ಕೊಚ್ಚಿಕೊಳ್ಳಬೇಕು, ಉಳಿದವರು ಪುರಾವೆ ಕೇಳಬೇಕು. ನಕ್ಕವರು ಔಟ್. ಇಷ್ಟು ಹೊತ್ತು ಭಾರವಾಗಿದ್ದ ಕ್ಲಾಸಿಗೆ ಅದು ಬೇಕಾಗಿರುತ್ತದೆ. ನಗಿಸುವ ಹುಡುಗರು ಹೆಚ್ಚಾಗಿ ಏನನ್ನೋ ಬಚ್ಚಿಟ್ಟುಕೊಂಡಿರುತ್ತಾರೆ, ಅದನ್ನು ಕೆದಕಬೇಡಿ.

ಆರನೇ ವಾರದ ನಂತರ, ಇಷ್ಟವಿದ್ದವರು ಮಾತ್ರ, ಹಿರಿಯರೊಬ್ಬರನ್ನು ಮಾತಾಡಿಸಿಕೊಂಡು ಬರಲಿ. ಯಾವ ಹಿರಿಯರಾದರೂ ಸರಿ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಷ್ ಈ ಶತಮಾನದ ಆರಂಭದಲ್ಲಿ ಮಕ್ಕಳಿಗೆ ಕೇಳುವ 20 ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿದ್ದರು: ಅಪ್ಪ ಅಮ್ಮ ಹೇಗೆ ಭೇಟಿಯಾದರು ಗೊತ್ತೇ, ನೀನು ಹುಟ್ಟಿದಾಗ ಏನೇನಾಯಿತು ಗೊತ್ತೇ, ಇಂಥವು. ಮನೆಯ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚಿತ್ತು ಎಂದು ಅವರು ಕಂಡರು. ಇದನ್ನು ಓದಿ ಪಟ್ಟಿಯನ್ನು ಮನೆಗೆಲಸ ಕೊಡುವವರಿದ್ದಾರೆ. ಅಲ್ಲಿ ಫಲ ಕೊಟ್ಟದ್ದು ಪ್ರಶ್ನೆಗೆ ಉತ್ತರ ಗೊತ್ತಿರುವುದಲ್ಲ, ಊಟದ ಹೊತ್ತಿಗೋ ಪ್ರಯಾಣದಲ್ಲೋ ಯಾರೋ ಕೂತು ಮಗುವಿಗೆ ಕಥೆ ಹೇಳುವಂಥ ಮನೆ ಎಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ. ನಾಟಕದವರಿಗೆ ಅವರ ಇನ್ನೊಂದು ಮಾತು ಉಪಯುಕ್ತ. ಮನೆಗಳು ಕಥೆಯನ್ನು ಮೂರು ಥರ ಹೇಳುತ್ತವೆ: ಏನೂ ಇಲ್ಲದವರು ಮೇಲೆ ಬಂದೆವು, ಎಲ್ಲ ಇದ್ದವರು ಕಳೆದುಕೊಂಡೆವು, ಏಳುಬೀಳು ಎರಡೂ ಕಂಡೆವು. ಮಕ್ಕಳಿಗೆ ಹೆಚ್ಚು ಬಲ ಕೊಡುವುದು ಮೂರನೆಯದು. ಪೆಟ್ಟಿಗೆಯ ಕುಟುಂಬದ ಕಥೆಯನ್ನು ಮೂರು ಗುಂಪು ಮೂರು ಥರ ಆಡಿ ನೋಡಲಿ, ಯಾವುದು ರಂಗದ ಮೇಲೆ ಉಸಿರಾಡುತ್ತದೆ ಎಂದು ಅವರಿಗೇ ತಿಳಿಯುತ್ತದೆ.

ಸಂದರ್ಶನ ತಂದವರಿಗೆ ಕೆಲಸ ಒಂದೇ: ಕಥೆಯನ್ನು ತಿದ್ದಬೇಡಿ, ಕೇಳಿದ ಹಾಗೇ ಹೇಳಿ. ಅನ್ನಾ ಡೆವೀರ್ ಸ್ಮಿತ್ ಎಂಬ ನಟಿ 1990ರ ದಶಕದಲ್ಲಿ ಹತ್ತಾರು ಜನರನ್ನು ಸಂದರ್ಶಿಸಿ, ಅವರ ಮಾತನ್ನು ತೊದಲು, ತಡವರಿಕೆ ಸಮೇತ ಒಬ್ಬಳೇ ರಂಗದ ಮೇಲೆ ಆಡಿ ತೋರಿಸಿದಳು. 'ಅದು... ಏನಂತಾರೆ... ಬಿಡು' ಎಂದು ಹಿರಿಯರು ಎಲ್ಲಿ ನಿಲ್ಲಿಸಿದರೋ ಅಲ್ಲೇ ಮಗುವೂ ನಿಲ್ಲಲಿ. ಆ 'ಬಿಡು'ವಿನಲ್ಲಿ ಅರ್ಧ ಕಥೆ ಇರುತ್ತದೆ. ಮಾತಾಡಿದವರ ಒಪ್ಪಿಗೆ ಇಲ್ಲದೆ ಒಂದು ವಾಕ್ಯವೂ ರಂಗಕ್ಕೆ ಬರಬಾರದು, ಹೆಸರು ಊರು ಬದಲಾಗಿರಬೇಕು.

ಕೆಲವು ಕಟ್ಟುಪಾಡುಗಳನ್ನು ಬೇಗ ಹೇಳಿಬಿಡುತ್ತೇನೆ. 'ಪಾಸ್' ಎಂದು ಹೇಳಿ ಯಾರು ಬೇಕಾದರೂ ಯಾವಾಗ ಬೇಕಾದರೂ ಸುಮ್ಮನಿರಬಹುದು, ಕಾರಣ ಕೇಳುವಂತಿಲ್ಲ. ಮೊದಲ ದಿನವೇ ನೀವೊಮ್ಮೆ 'ಪಾಸ್' ಹೇಳಿ ತೋರಿಸಿ. ಬೆಲ್ ಆಗುವ ಐದು ನಿಮಿಷ ಮುಂಚೆ ಪಾತ್ರ ಕಳಚಿಡಬೇಕು: ಮೈ ಕೊಡವಿ, ತಮ್ಮ ಹೆಸರು ಜೋರಾಗಿ ಹೇಳಿ, ಇವತ್ತು ಸಂಜೆ ಏನು ಮಾಡುತ್ತೇನೆ ಎಂದು ಒಂದು ಮಾತು ಆಡಿ ಹೊರಡಲಿ. ನನ್ನ ಆ ಹುಡುಗನಿಗೆ ನಾನು ಕೊಡದಿದ್ದ ಐದು ನಿಮಿಷ ಅದು. ಯಾವುದಾದರೂ ಮಗು ಮನೆಯಲ್ಲಿ ತನಗಾಗುತ್ತಿರುವ ಹಿಂಸೆಯ ಬಗ್ಗೆ ಬಾಯಿಬಿಟ್ಟರೆ 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. ಕೇಳಿಸಿಕೊಳ್ಳಿ, ನಂಬಿ, ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅಂದೇ ತಿಳಿಸಿ. ನೀವು ನಾಟಕದ ಮೇಡಂ, ಮನೋವೈದ್ಯರಲ್ಲ. ಅಂಕ ಕೊಡಬೇಕಾದರೆ ದನಿಗೆ, ಗಮನಕ್ಕೆ, ಜತೆಯವರಿಗೆ ಜಾಗ ಬಿಟ್ಟುಕೊಟ್ಟದ್ದಕ್ಕೆ ಕೊಡಿ, ಕಣ್ಣೀರಿಗೆ ಅಂಕವಿಲ್ಲ.

ಹೆತ್ತವರ ಮುಂದೆ ಏನು ತೋರಿಸುವುದು? ಪೆಟ್ಟಿಗೆಯ ಕುಟುಂಬದ ಕಥೆ, ಹೆಚ್ಚೆಂದರೆ ಮೂವತ್ತು ನಿಮಿಷ. ಎತ್ತರದ ವೇದಿಕೆ ಬೇಡ, ನೆಲದ ಮೇಲೆ ಆಡಿ, ಮೂರು ಕಡೆ ಜನ ಕೂರಲಿ. ಮಕ್ಕಳು ತಂದ ರೂಢಿಗಳನ್ನೆಲ್ಲ ಆ ಪಾತ್ರಗಳಿಗೆ ಹಂಚಿ. ಕತ್ತರಿ ಹಿಡಿದ ತಾಯಿ ಕಿವಿಯ ಹಾಲೆ ತಿಕ್ಕಲಿ. ತಮ್ಮದೇ ರೂಢಿ ಕಂಡು ಯಾರೋ ಒಬ್ಬರು ಕುರ್ಚಿಯಲ್ಲಿ ಮಿಸುಕಾಡಿದರೆ ಅದು ಅವರಿಗೂ ಮಗುವಿಗೂ ಬಿಟ್ಟ ವಿಷಯ. ಕೊನೆಯ ದೃಶ್ಯಕ್ಕೆ 31 ಜನರ ಪಿಸುಮಾತಿನ ಸಾಲನ್ನೇ ಇಡಿ, ಪ್ರತಿ ಪ್ರದರ್ಶನಕ್ಕೂ ಹೊಸ ವಾಕ್ಯಗಳೊಂದಿಗೆ, ಮುಂದೆ ನಿಂತವರ ಬಾಯಿಂದ ಏನು ಬರುತ್ತದೆ ಎಂದು ನಿಮಗೂ ಗೊತ್ತಿಲ್ಲದ ಹಾಗೆ. ಒಂದು ವಾರ ಮುಂಚೆ ಮನೆಗಳಿಗೆ ಚೀಟಿ ಕಳಿಸಿ, ಇದು ಕಟ್ಟುಕಥೆ, ಯಾವ ಮನೆಯದೂ ಅಲ್ಲ ಎಂದು. ನಾಟಕ ಮುಗಿದ ಮೇಲೆ ಸಂವಾದ ಬೇಡ. 'ಆ ಭಾಗ ಯಾರ ಮನೆದು?' ಎಂದು ಕೇಳುವ ಕೃಪಾಚಾರ್ಯರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ.

ಉಳಿದದ್ದು ನಿಮ್ಮ ಮೇಜಿನ ಮೇಲಿರುವ 31 ಹಾಳೆ. ನಾಳೆಯೇ ಎಲ್ಲರಿಗೂ ವಾಪಸ್ ಕೊಟ್ಟುಬಿಡಿ, ಅಂಕ ಹಾಕದೆ, ಸಹಿ ಮಾಡದೆ. 'ಇದು ನಾನು ಕೇಳಬಾರದಿದ್ದ ರೀತಿಯಲ್ಲಿ ಕೇಳಿದ್ದು, ಬೇರೆ ಥರ ಶುರು ಮಾಡೋಣ' ಎಂದು ಇಡೀ ತರಗತಿಗೆ ಹೇಳಿ. ಆ ಹುಡುಗಿಯನ್ನು ಪ್ರತ್ಯೇಕವಾಗಿ ಕರೆದು ಮಾತಾಡಿಸಬೇಡಿ, ಅವಳ ಹಾಳೆಯನ್ನು ಮಧ್ಯದಲ್ಲೆಲ್ಲೋ ಸೇರಿಸಿ ಕೊಡಿ. ಮೊದಲ ವಾರ ಅವಳಿಗೆ ಕರ್ಣನ ಪಾತ್ರವೂ ಬೇಡ, ಕುಂತಿಯ ಕುರ್ಚಿಯೂ ಬೇಡ; ಗುಂಪಿನಲ್ಲಿ ನಿಂತು ನೋಡಲಿ, ಬೇಕಾದಾಗ ಅವಳೇ ಕೇಳುತ್ತಾಳೆ. ಡೈನೋಸಾರ್ ಇರುವ ಹಾಳೆಯನ್ನು ಮಾತ್ರ, ಅವನು ಒಪ್ಪಿದರೆ, ನೀವೇ ಇಟ್ಟುಕೊಳ್ಳಿ. ಪೆಟ್ಟಿಗೆಗೆ ಹಾಕಲು ಇನ್ನೊಂದು ವಸ್ತುವಾಯಿತು.